ಹೃದಯಗಳನ್ನು ಓದಿದ ಹಳ್ಳಿಯ ಗುರು: ಸಂತ ಜಾನ್ ಮೇರಿ ವಿಯಾನ್ನಿ

ದೇವಾಲಯವೊಂದು ನೂರು ವರ್ಷಗಳನ್ನು ಪೂರೈಸಿದಾಗ ಅದರ ಕಲ್ಲು, ಗಾರೆ, ಗೋಪುರ, ಗಂಟೆಗಳ ಚರಿತ್ರೆಯನ್ನು ಬರೆಯುವುದು ವಾಡಿಕೆ. ಈ ಸ್ಮರಣ ಸಂಚಿಕೆಯಲ್ಲಿ ಆ ಕಾರ್ಯವನ್ನು ಇತರರು ನಮಗಿಂತ ಚೆನ್ನಾಗಿ ನೆರವೇರಿಸಿದ್ದಾರೆ. ಆದರೆ ದೇವಾಲಯದ ಒಂದು ಮೂಲೆಯ ಚರಿತ್ರೆಯನ್ನು ಯಾರೂ ಬರೆಯಲಾರರು, ಬರೆಯಲೂ ಕೂಡದು. ಅದು ಪಾಪನಿವೇದನಾ ಪೀಠ. ನೂರು ವರ್ಷಗಳಲ್ಲಿ ಅಲ್ಲಿ ಮೊಣಕಾಲೂರಿದವರ ಕಣ್ಣೀರಿನ ಲೆಕ್ಕ ಯಾವ ದಾಖಲೆ ಪುಸ್ತಕದಲ್ಲಿಯೂ ಇಲ್ಲ. ದೇವರ ಬಳಿ ಮಾತ್ರ ಇದೆ. ಅಂಥದೊಂದು ಮೂಲೆಯಲ್ಲಿ ತಮ್ಮ ಬಾಳನ್ನೇ ಸವೆಸಿದ ಗುರುವೊಬ್ಬರ ಜೀವನವನ್ನು ಈ ಶುಭ ಸಂದರ್ಭದಲ್ಲಿ ಭಕ್ತಾದಿಗಳ ಮುಂದಿಡಬೇಕೆಂಬುದು ನಮ್ಮ ಬಯಕೆ. ಅವರೇ ಆರ್ಸ್ ಎಂಬ ಪುಟ್ಟ ಹಳ್ಳಿಯ ಗುರುಗಳಾಗಿದ್ದ, ಇಂದು ಲೋಕದ ಸಕಲ ವಿಚಾರಣಾ ಗುರುಗಳ ಪಾಲಕರಾಗಿರುವ ಸಂತ ಜಾನ್ ಮೇರಿ ವಿಯಾನ್ನಿಯವರು.

ಕತ್ತಲೆಯಲ್ಲಿ ಕಲಿತ ವಿಶ್ವಾಸ

ಫ್ರಾನ್ಸ್ ದೇಶದ ಲಿಯೋನ್ ನಗರದ ಸಮೀಪ ದಾರ್ದಿಲಿ ಎಂಬ ಗ್ರಾಮವಿದೆ. ಅಲ್ಲಿ 1786ನೆಯ ಇಸವಿಯ ಮೇ 8ರಂದು ಮ್ಯಾಥ್ಯೂ ವಿಯಾನ್ನಿ ಮತ್ತು ಮೇರಿ ದಂಪತಿಗಳಿಗೆ ನಾಲ್ಕನೆಯ ಮಗುವಾಗಿ ಜಾನ್ ಮೇರಿ ಜನಿಸಿದರು. ಬೇಸಾಯಗಾರರ ಕುಟುಂಬವದು. ದಾರಿಹೋಕ ಬಡವರಿಗೆ ಆ ಮನೆಯಲ್ಲಿ ಗಂಜಿಯೂ ಮಲಗಲು ಸ್ಥಳವೂ ಎಂದೂ ಇಲ್ಲವಾಗುತ್ತಿರಲಿಲ್ಲ.

ಮಗುವಿಗೆ ಮೂರು ವರ್ಷವಾಗಿದ್ದಾಗ ಫ್ರಾನ್ಸಿನ ಮಹಾಕ್ರಾಂತಿ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ದೇವಾಲಯಗಳು ಮುಚ್ಚಲ್ಪಟ್ಟವು. ಸರ್ಕಾರದ ಪ್ರತಿಜ್ಞೆಯನ್ನು ಒಪ್ಪದೆ ಪೋಪ್ ಜಗದ್ಗುರುಗಳಿಗೆ ನಿಷ್ಠರಾಗಿ ಉಳಿದ ಗುರುಗಳು ತಲೆಮರೆಸಿಕೊಳ್ಳಬೇಕಾಯಿತು. ಸಿಕ್ಕಿಬಿದ್ದವರಲ್ಲಿ ಅನೇಕರು ಪ್ರಾಣವನ್ನೇ ತೆತ್ತರು. ವಿಯಾನ್ನಿ ಕುಟುಂಬದವರು ರಾತ್ರಿಯ ವೇಳೆ ದೂರದ ಕಣಜಗಳಿಗೆ ನಡೆದು ಹೋಗಿ, ಅಲ್ಲಿ ಗುಟ್ಟಾಗಿ ಅರ್ಪಿಸಲಾಗುತ್ತಿದ್ದ ಬಲಿಪೂಜೆಯಲ್ಲಿ ಪಾಲ್ಗೊಳ್ಳುತ್ತಿದ್ದರು. ಬಾಲಕ ಜಾನ್ ಮೇರಿ 1797ರಲ್ಲಿ, ತನ್ನ ಹನ್ನೊಂದನೆಯ ವಯಸ್ಸಿನಲ್ಲಿ, ಹೀಗೆ ತಲೆಮರೆಸಿಕೊಂಡಿದ್ದ ಗುರುವೊಬ್ಬರಲ್ಲಿ ತನ್ನ ಮನೆಯ ದೊಡ್ಡ ಗಡಿಯಾರದ ಕೆಳಗೆ ಮೊದಲ ಪಾಪನಿವೇದನೆ ಮಾಡಿದನು. ಎರಡು ವರ್ಷಗಳ ತರುವಾಯ ಎಕುಲಿ ಎಂಬ ಊರಿನ ಮನೆಯೊಂದರಲ್ಲಿ ಮೊದಲ ಪರಮಪ್ರಸಾದ ದೊರೆಯಿತು. ಮೊಂಬತ್ತಿಯ ಬೆಳಕು ಹೊರಗೆ ಕಾಣದಂತೆ ಕಿಟಕಿಗಳನ್ನು ಮುಚ್ಚಿ, ಅವುಗಳ ಮುಂದೆ ಹುಲ್ಲಿನ ಬಂಡಿಗಳನ್ನು ನಿಲ್ಲಿಸಲಾಗಿತ್ತು. ಪಾಪವಿಮೋಚನೆಗಾಗಿ ಗುರುವೊಬ್ಬರು ಪ್ರಾಣವನ್ನು ಪಣಕ್ಕಿಡುವುದನ್ನು ಬಾಲ್ಯದಲ್ಲಿಯೇ ಕಂಡವನಿಗೆ ಆ ಸಂಸ್ಕಾರದ ಬೆಲೆಯನ್ನು ಬೇರೆ ಯಾರೂ ಕಲಿಸಿಕೊಡಬೇಕಾಗಿರಲಿಲ್ಲ.

ದಡ್ಡನೆನಿಸಿಕೊಂಡ ವಿದ್ಯಾರ್ಥಿ

ತಾನೂ ಗುರುವಾಗಬೇಕೆಂಬ ಆಸೆ ಆಗಲೇ ಮೊಳೆತಿತ್ತು. ಆದರೆ ಹೊಲದ ಕೆಲಸ ಬಿಟ್ಟು ಪಾಠಕ್ಕೆ ಕುಳಿತುಕೊಳ್ಳುವಾಗ ವಯಸ್ಸು ಇಪ್ಪತ್ತಾಗಿತ್ತು. ಎಕುಲಿಯ ಗುರುಗಳಾದ ಚಾರ್ಲ್ಸ್ ಬಾಲ್ಲಿ ಸ್ವಾಮಿಯವರು 1806ರಲ್ಲಿ ಅವರನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. ಲತೀನ್ ಭಾಷೆ ತಲೆಗೆ ಹತ್ತಲಿಲ್ಲ. ತನಗಿಂತ ಬಹು ಕಿರಿಯನಾದ ಸಹಪಾಠಿಯೊಬ್ಬನು ಪಾಠ ಹೇಳಿಕೊಟ್ಟು ಬೇಸತ್ತು ಒಮ್ಮೆ ಕಪಾಳಕ್ಕೆ ಹೊಡೆದನು. ಹೊಡೆಸಿಕೊಂಡವರೇ ಮೊಣಕಾಲೂರಿ ಕ್ಷಮೆ ಬೇಡಿದರು. ಆ ಹುಡುಗನ ಕಣ್ಣು ತುಂಬಿ ಬಂತು. ಅವನೇ ಮುಂದೆ ಅಮೆರಿಕದ ಡುಬ್ಯೂಕ್ ಧರ್ಮಪ್ರಾಂತ್ಯದ ಪ್ರಥಮ ಧರ್ಮಾಧ್ಯಕ್ಷರಾದ ಮಥಾಯಸ್ ಲೋರಾಸ್ ಅವರು. ಓದು ಕೈಗೂಡಲೆಂದು ಜಾನ್ ಮೇರಿ ಲಾ ಲೂವೆಸ್ಕ್ ಎಂಬಲ್ಲಿರುವ ಸಂತ ಫ್ರಾನ್ಸಿಸ್ ರೇಜಿಸ್ ಅವರ ಸಮಾಧಿಗೆ ದಾರಿಯುದ್ದಕ್ಕೂ ಭಿಕ್ಷೆ ಬೇಡುತ್ತ ಕಾಲ್ನಡಿಗೆಯ ಯಾತ್ರೆ ಕೈಗೊಂಡರು.

ಇಷ್ಟರಲ್ಲಿ ಮತ್ತೊಂದು ಸಂಕಟ ಒದಗಿತು. ನೆಪೋಲಿಯನ್ ಚಕ್ರವರ್ತಿಯ ಯುದ್ಧಗಳಿಗಾಗಿ 1809ರಲ್ಲಿ ಸೈನ್ಯಕ್ಕೆ ಕರೆ ಬಂತು. ಕಾಯಿಲೆಯಿಂದ ಆಸ್ಪತ್ರೆ ಸೇರಿ, ದಳದಿಂದ ಹಿಂದುಳಿದು, ದಾರಿಯಲ್ಲಿ ಸಿಕ್ಕಿದ ಅಪರಿಚಿತನನ್ನು ನಂಬಿ ಹಿಂಬಾಲಿಸಿದಾಗ ತಲುಪಿದ್ದು ಸೈನ್ಯ ಬಿಟ್ಟವರು ಅಡಗಿದ್ದ ಲೆ ನೋಎ ಎಂಬ ಗುಡ್ಡಗಾಡಿನ ಹಳ್ಳಿಯನ್ನು. ಬೇರೆ ಹೆಸರಿನಲ್ಲಿ, ವಿಧವೆಯೊಬ್ಬರ ಮನೆಯಲ್ಲಿ, ಊರಿನ ಮಕ್ಕಳಿಗೆ ಪಾಠ ಹೇಳುತ್ತ ಒಂದು ವರ್ಷಕ್ಕೂ ಮೀರಿ ಕಳೆದರು. ಹುಡುಕಿಕೊಂಡು ಬಂದ ರಾಜಭಟರಿಂದ ತಪ್ಪಿಸಿಕೊಳ್ಳಲು ಹುಲ್ಲಿನ ರಾಶಿಯೊಳಗೆ ಉಸಿರು ಬಿಗಿಹಿಡಿದು ಮಲಗಿದ್ದೂ ಉಂಟು. 1810ರ ಸಾರ್ವತ್ರಿಕ ಕ್ಷಮಾದಾನದ ಫಲವಾಗಿ ಮನೆಗೆ ಮರಳುವುದು ಸಾಧ್ಯವಾಯಿತು. ಮರಳಿದ ಸ್ವಲ್ಪ ಕಾಲದಲ್ಲಿಯೇ ತಾಯಿ ತೀರಿಕೊಂಡರು.

1813ರಲ್ಲಿ ಲಿಯೋನಿನ ಗುರುಮಠವನ್ನು ಸೇರಿದರೂ ಲತೀನಿನಲ್ಲಿ ನಡೆಯುತ್ತಿದ್ದ ಪಾಠಗಳು ಅರ್ಥವಾಗದೆ ಅಲ್ಲಿಂದ ಹೊರಗೆ ಕಳುಹಿಸಲ್ಪಟ್ಟರು. ಬಾಲ್ಲಿ ಸ್ವಾಮಿಯವರು ಮಾತ್ರ ಕೈಬಿಡಲಿಲ್ಲ. ತಾವೇ ಪಾಠ ಹೇಳಿ, ಮಾತೃಭಾಷೆಯಲ್ಲಿ ಪ್ರಶ್ನಿಸುವಂತೆ ಪರೀಕ್ಷಕರನ್ನು ಒಪ್ಪಿಸಿದರು. ಈ ಯುವಕನು ಭಕ್ತನೇ, ಜಪಸರವನ್ನು ಶ್ರದ್ಧೆಯಿಂದ ಪ್ರಾರ್ಥಿಸುವನೇ ಎಂದಷ್ಟೇ ವಿಚಾರಿಸಿದ ಶ್ರೇಷ್ಠ ಗುರುಗಳು, ಉಳಿದುದನ್ನು ದೇವರ ಕೃಪೆಗೆ ಬಿಟ್ಟು ಒಪ್ಪಿಗೆಯಿತ್ತರು. 1815ರ ಆಗಸ್ಟ್ 13ರಂದು ಗ್ರೆನೋಬಲ್ ನಗರದಲ್ಲಿ, ತಮ್ಮ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ವಿಯಾನ್ನಿಯವರು ಗುರುದೀಕ್ಷೆ ಪಡೆದರು.

ಇಲ್ಲಿ ನಾವು ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಗುರುದೀಕ್ಷೆ ದೊರೆತರೂ ಪಾಪನಿವೇದನೆ ಕೇಳುವ ಅನುಮತಿ ಅವರಿಗೆ ಕೂಡಲೇ ಸಿಗಲಿಲ್ಲ. ಮನಸ್ಸಾಕ್ಷಿಯ ಸೂಕ್ಷ್ಮಗಳನ್ನು ತೂಗುವ ಸಾಮರ್ಥ್ಯ ಇವರಿಗೆ ಇದೆಯೇ ಎಂಬುದೇ ಮೇಲಧಿಕಾರಿಗಳ ಅನುಮಾನ. ಕೆಲವು ತಿಂಗಳ ನಂತರ ಅನುಮತಿ ಬಂದಾಗ ಅವರ ಮುಂದೆ ಮೊಟ್ಟಮೊದಲು ಮೊಣಕಾಲೂರಿದವರು ಅವರ ಗುರುಗಳಾದ ಬಾಲ್ಲಿ ಸ್ವಾಮಿಯವರೇ. ಮನುಷ್ಯರು ಯಾವ ಕೆಲಸಕ್ಕೆ ಅಯೋಗ್ಯರೆಂದು ಶಂಕಿಸಿದರೋ ಅದೇ ಕೆಲಸಕ್ಕೆ ದೇವರು ಅವರನ್ನು ಆರಿಸಿಕೊಂಡಿದ್ದರು.

ಆರ್ಸಿನ ದಾರಿ

ಬಾಲ್ಲಿ ಸ್ವಾಮಿಯವರು 1817ರಲ್ಲಿ ನಿಧನರಾದ ಮೇಲೆ ವಿಯಾನ್ನಿಯವರನ್ನು ಆರ್ಸ್ ಹಳ್ಳಿಗೆ ನೇಮಿಸಲಾಯಿತು. ಲಿಯೋನಿನಿಂದ ಉತ್ತರಕ್ಕೆ ಸುಮಾರು 35 ಕಿಲೋಮೀಟರ್ ದೂರದ ಆ ಊರಿನ ಜನಸಂಖ್ಯೆ ಹೆಚ್ಚುಕಡಿಮೆ 230. ಅದು ಆಗ ಪೂರ್ಣ ಧರ್ಮಕೇಂದ್ರವೂ ಆಗಿರಲಿಲ್ಲ. ಅಲ್ಲಿ ದೈವಪ್ರೀತಿ ಅಷ್ಟಾಗಿ ಇಲ್ಲವೆಂದೂ ಅದನ್ನು ತಾವೇ ಉಂಟುಮಾಡಬೇಕೆಂದೂ ಕಳುಹಿಸಿದವರು ಎಚ್ಚರಿಸಿದ್ದರು. 1818ರ ಫೆಬ್ರವರಿ 9ರಂದು ಮಂಜು ಕವಿದ ಸಂಜೆಯಲ್ಲಿ ದಾರಿ ತಪ್ಪಿದಾಗ ಕುರಿ ಕಾಯುವ ಹುಡುಗನೊಬ್ಬ ಆರ್ಸಿನ ದಾರಿ ತೋರಿಸಿದನು. ಅದಕ್ಕೆ ಪ್ರತಿಯಾಗಿ ಅವನಿಗೆ ಸ್ವರ್ಗದ ದಾರಿಯನ್ನು ತೋರಿಸುವುದಾಗಿ ಹೊಸ ಗುರುಗಳು ಮಾತು ಕೊಟ್ಟರು. ಆ ಸ್ಥಳದಲ್ಲಿ ಇಂದು ಸ್ಮಾರಕವೊಂದು ನಿಂತಿದೆ.

ಆರ್ಸಿನ ಜನ ದುಷ್ಟರೇನಲ್ಲ, ಉದಾಸೀನರು. ಕ್ರಾಂತಿಯ ಕಾಲದಲ್ಲಿ ಬೆಳೆದವರಿಗೆ ಧರ್ಮೋಪದೇಶವೇ ಇರಲಿಲ್ಲ. ಭಾನುವಾರ ಹೊಲದ ಕೆಲಸ, ಸಂಜೆ ಹೆಂಡದಂಗಡಿ, ಹಬ್ಬಗಳಲ್ಲಿ ಮಿತಿಮೀರಿದ ಕುಣಿತ. ಹೊಸ ಗುರುಗಳು ಮೊದಲು ಮಾಡಿದ್ದೇನು? ಬೆಳಗಿನ ಜಾವಕ್ಕೆ ಮುಂಚೆಯೇ ಎದ್ದು ದೇವಾಲಯದಲ್ಲಿ ಪರಮಪ್ರಸಾದದ ಮುಂದೆ ಮೊಣಕಾಲೂರಿ ತಮ್ಮ ಜನರಿಗಾಗಿ ಅತ್ತರು. ಹಾಸಿಗೆಯನ್ನು ಬಡವರಿಗೆ ಕೊಟ್ಟು ನೆಲದ ಮೇಲೆ ಮಲಗಿದರು. ಒಮ್ಮೆ ಬೇಯಿಸಿಟ್ಟ ಆಲೂಗೆಡ್ಡೆಯನ್ನೇ ಹಲವು ದಿನ ತಿಂದರು. ಆಮೇಲೆ ಮನೆಮನೆಗೆ ಹೋಗಿ ಬೆಳೆ, ದನಕರು, ಮಕ್ಕಳ ಯೋಗಕ್ಷೇಮ ವಿಚಾರಿಸಿದರು. ಆರಂಭದ ಅವರ ಪ್ರಬೋಧನೆಗಳು ಕಠಿಣವಾಗಿದ್ದವು. ವರ್ಷಗಳು ಕಳೆದಂತೆ ನರಕದ ಮಾತು ಕಡಿಮೆಯಾಗಿ ದೇವರ ಪ್ರೀತಿಯ ಮಾತೇ ಹೆಚ್ಚಾಯಿತು. ಹೆಂಡದಂಗಡಿಗಳು ಒಂದೊಂದಾಗಿ ಮುಚ್ಚಿದವು. ಇದೆಲ್ಲ ಒಂದೇ ದಿನದಲ್ಲಿ ಆದುದಲ್ಲ. ಕುಣಿತದ ಹುಚ್ಚು ಬಿಡಿಸಲು ವರ್ಷಗಳೇ ಬೇಕಾದವು.

1824ರಲ್ಲಿ ಅವರು ಬಡ ಹೆಣ್ಣುಮಕ್ಕಳಿಗಾಗಿ ಪ್ರಾವಿಡೆನ್ಸ್ ಎಂಬ ಶಾಲೆಯನ್ನು ತೆರೆದರು. ಅದು ಅನಾಥ ಬಾಲೆಯರ ಆಶ್ರಯವೂ ಆಯಿತು. ಊರಿನ ರೈತನೊಬ್ಬನು ಪ್ರತಿದಿನ ಗುದ್ದಲಿಯನ್ನು ದೇವಾಲಯದ ಬಾಗಿಲಲ್ಲಿರಿಸಿ ಒಳಬಂದು, ತುಟಿಯನ್ನೂ ಅಲುಗಿಸದೆ ಪರಮಪ್ರಸಾದದ ಮುಂದೆ ಕುಳಿತಿರುತ್ತಿದ್ದನು. ಏನು ಮಾಡುತ್ತಿರುವೆ ಎಂದು ಗುರುಗಳು ವಿಚಾರಿಸಿದಾಗ, ತಾನು ಪ್ರಭುವನ್ನು ನೋಡುತ್ತಿರುವುದಾಗಿಯೂ ಪ್ರಭು ತನ್ನನ್ನು ನೋಡುತ್ತಿರುವುದಾಗಿಯೂ ತಿಳಿಸಿದನು. ಇದಕ್ಕಿಂತ ಆಳವಾದ ಪ್ರಾರ್ಥನೆಯ ಪಾಠ ಯಾವ ಗ್ರಂಥದಲ್ಲಿಯೂ ಇಲ್ಲವೆಂದು ವಿಯಾನ್ನಿಯವರು ಆ ರೈತನ ವಿಷಯವನ್ನು ಕಣ್ಣೀರಿನೊಂದಿಗೆ ಹೇಳುತ್ತಿದ್ದರು.

ಒಳಗಣ್ಣಿನ ವರ

ಸುಮಾರು 1827ರಿಂದ ಹೊರಗಿನ ಊರುಗಳ ಜನರು ಆರ್ಸಿಗೆ ಬರತೊಡಗಿದರು. ಮೊದಲು ಹತ್ತಾರು, ಬಳಿಕ ನೂರಾರು. ಕೊನೆಯ ವರ್ಷದಲ್ಲಿ ಬಂದವರು ಸುಮಾರು 80,000 ಎಂದು ಅಂದಾಜು. ಗುರುಗಳು ನಡುರಾತ್ರಿ ಕಳೆಯುತ್ತಲೇ ದೇವಾಲಯಕ್ಕೆ ಬಂದು, ಚಳಿಗಾಲದಲ್ಲಿ ಹನ್ನೊಂದು ಹನ್ನೆರಡು ಗಂಟೆ, ಬೇಸಿಗೆಯಲ್ಲಿ ಹದಿನಾರು ಗಂಟೆಯವರೆಗೂ ಪಾಪನಿವೇದನೆ ಕೇಳುತ್ತಿದ್ದರು. ನಡುವೆ ಬಲಿಪೂಜೆ, ಹನ್ನೊಂದು ಗಂಟೆಗೆ ಧರ್ಮೋಪದೇಶ, ನಾಲ್ಕು ತುತ್ತು ಊಟ, ರೋಗಿಗಳ ಭೇಟಿ. ಮತ್ತೆ ಅದೇ ಪೀಠ. ಹೀಗೆ ಸುಮಾರು ಮೂವತ್ತು ವರ್ಷ.

ಜನರನ್ನು ಸೆಳೆದುದು ಪಾಂಡಿತ್ಯವಲ್ಲ, ವಾಕ್ಚಾತುರ್ಯವಲ್ಲ. ಕೊನೆಗಾಲದಲ್ಲಿ ಹಲ್ಲುಗಳುದುರಿದ ಅವರ ಮಾತು ಹಿಂದೆ ನಿಂತವರಿಗೆ ಕೇಳಿಸುತ್ತಲೂ ಇರಲಿಲ್ಲ. ಅವರು ಹೃದಯಗಳನ್ನು ಓದಬಲ್ಲರೆಂಬುದೇ ಜನರ ಅನುಭವವಾಗಿತ್ತು. ಒಬ್ಬನು ನಲವತ್ತು ವರ್ಷಗಳಿಂದ ಪಾಪನಿವೇದನೆ ಮಾಡಿಲ್ಲವೆಂದಾಗ, ನಲವತ್ತನಾಲ್ಕು ವರ್ಷಗಳಾದುವೆಂದು ಗುರುಗಳು ತಿದ್ದಿದರು. ಆತ ಗೋಡೆಯ ಮೇಲೆ ಲೆಕ್ಕ ಹಾಕಿ ನೋಡಿದರೆ ಅವರ ಮಾತೇ ಸರಿಯಾಗಿತ್ತು. 1852ರಲ್ಲಿ ಗಾರೆ ಕೆಲಸದ ಯುವಕನೊಬ್ಬನು, ಭಕ್ತನೆಂದು ತನ್ನನ್ನು ಯಾರೂ ತಿಳಿಯದಿರಲೆಂದು, ಕೋವಿ ಹಿಡಿದು ಬೇಟೆನಾಯಿಯೊಂದಿಗೆ ಆರ್ಸಿಗೆ ಬಂದನು. ಜನರ ನಡುವೆ ಹಾದುಹೋಗುತ್ತಿದ್ದ ಗುರುಗಳು ನಿಂತು, ಆ ನಾಯಿಯ ಅಂದವನ್ನು ಮೆಚ್ಚಿ, ಅವನ ಆತ್ಮವೂ ಅಷ್ಟೇ ಅಂದವಾಗಿದ್ದರೆ ಎಷ್ಟು ಚೆನ್ನಾಗಿತ್ತೆಂದರು. ತಲೆ ತಗ್ಗಿಸಿದ ಯುವಕನು ಅಂದೇ ಪಾಪನಿವೇದನೆ ಮಾಡಿ, ಮುಂದೆ ಟ್ರಾಪಿಸ್ಟ್ ಮಠವನ್ನು ಸೇರಿದನು.

ಇನ್ನೊಂದು ಪ್ರಸಂಗವನ್ನು ನಾವು ಎಷ್ಟು ಸಲ ನೆನೆದರೂ ಮನಸ್ಸು ಕರಗುತ್ತದೆ. ಧರ್ಮದ ಆಚರಣೆಯನ್ನು ಬಿಟ್ಟಿದ್ದ ಪತಿ ಸೇತುವೆಯಿಂದ ನದಿಗೆ ಹಾರಿ ಪ್ರಾಣ ಕಳೆದುಕೊಂಡಿದ್ದನು. ಅವನ ಆತ್ಮದ ಗತಿಯೇನೆಂಬ ಸಂಕಟದಲ್ಲಿ ಬೆಂದ ಪತ್ನಿ ಆರ್ಸಿಗೆ ಬಂದಳು. ಗುಂಪಿನ ನಡುವೆ ಅವಳು ಬಾಯಿ ತೆರೆಯುವ ಮೊದಲೇ ಗುರುಗಳು ಅವಳತ್ತ ಬಾಗಿ, ಅವನು ರಕ್ಷಣೆ ಹೊಂದಿದ್ದಾನೆಂದೂ, ಸೇತುವೆಗೂ ನೀರಿಗೂ ನಡುವಿನ ಆ ಕ್ಷಣದಲ್ಲಿ ಪಶ್ಚಾತ್ತಾಪ ಪಡಲು ಅವನಿಗೆ ಸಮಯ ದೊರೆಯಿತೆಂದೂ ತಿಳಿಸಿದರು. ದೇವಮಾತೆಯ ಮಾಸವಾದ ಮೇ ತಿಂಗಳಲ್ಲಿ ಮನೆಯ ಪುಟ್ಟ ಪೀಠದ ಮುಂದೆ ಪತ್ನಿ ಪ್ರಾರ್ಥಿಸುತ್ತಿದ್ದಾಗ ಪತಿಯೂ ಕೆಲವೊಮ್ಮೆ ಜೊತೆಗೂಡಿದ್ದನೆಂಬುದನ್ನು ಅವರೇ ಅವಳಿಗೆ ನೆನಪಿಸಿದರು. ಈ ರೀತಿ ಮನೆಯವರನ್ನು ಕಳೆದುಕೊಂಡು ನಾಚಿಕೆಯಿಂದಲೂ ಭಯದಿಂದಲೂ ಮೌನವಾಗಿರುವ ಕುಟುಂಬಗಳು ನಮ್ಮ ನಡುವೆಯೂ ಇರಬಹುದು. ಅವರು ಈ ಪ್ರಸಂಗವನ್ನು ಮರೆಯದಿರಲಿ. ದೇವರ ಕರುಣೆ ತಲುಪಲಾರದಷ್ಟು ಕಿರಿದಾದ ಕ್ಷಣವಿಲ್ಲ.

ಆದರೆ ಈ ವರವು ಅವರ ಸ್ವಂತ ಆಸ್ತಿಯಾಗಿರಲಿಲ್ಲ. 1846ರಲ್ಲಿ ಲಾ ಸಲೆತ್ ಬೆಟ್ಟದಲ್ಲಿ ದೇವಮಾತೆಯ ದರ್ಶನ ಪಡೆದ ಬಾಲಕ ಮ್ಯಾಕ್ಸಿಮಿನ್ 1850ರಲ್ಲಿ ಆರ್ಸಿಗೆ ಬಂದಾಗ, ಅವನ ಮಾತಿನಿಂದ ಅವನು ಏನನ್ನೂ ಕಂಡಿಲ್ಲವೆಂದು ಗುರುಗಳು ಅರ್ಥಮಾಡಿಕೊಂಡರು. ದರ್ಶನವನ್ನು ಧರ್ಮಾಧ್ಯಕ್ಷರು 1851ರಲ್ಲಿ ಅಂಗೀಕರಿಸಿದರೂ ಎಂಟು ವರ್ಷ ಸಂದೇಹದಲ್ಲಿಯೇ ಬೇಯ್ದು, 1858ರಲ್ಲಿ ಮತ್ತೆ ನಂಬಿಕೆಯ ಶಾಂತಿಯನ್ನು ಪಡೆದರು. ಸಂತರ ಜೀವನ ಬರೆಯುವಾಗ ಇದನ್ನು ಮರೆಮಾಚಬೇಕಾದ ಅಗತ್ಯವಿಲ್ಲ. ದೇವರು ಬೆಳಕು ಕೊಟ್ಟಾಗ ಅವರು ಕಂಡರು. ಕೊಡದಿದ್ದಾಗ ನಮ್ಮಂತೆಯೇ ತಡವರಿಸಿದರು. ಹೃದಯಗಳನ್ನು ಓದುವ ವರವು ಮಂತ್ರವಿದ್ಯೆಯಲ್ಲ, ಪಾಪಿಯ ಮೇಲಿನ ಪ್ರೀತಿಗಾಗಿ ದೊರೆತ ಸಾಲ. ಪಾಪಿಗಳಿಗೆ ಅವರು ಹಗುರವಾದ ಪ್ರಾಯಶ್ಚಿತ್ತವನ್ನು ವಿಧಿಸಿ, ಉಳಿದುದನ್ನು ತಾವೇ ಉಪವಾಸ ಜಾಗರಣೆಗಳಿಂದ ತೀರಿಸುತ್ತಿದ್ದರೆಂಬುದರಲ್ಲಿ ಆ ವರದ ಗುಟ್ಟು ಅಡಗಿದೆ.

ತಮ್ಮನ್ನೇ ಓದಿಕೊಂಡವರು

ಪರರ ಹೃದಯವನ್ನು ಓದುವ ಮುನ್ನ ವಿಯಾನ್ನಿಯವರು ತಮ್ಮ ಹೃದಯವನ್ನು ಓದಿಕೊಂಡಿದ್ದರು. ಅವರ ಶೀಲದ ಮೇಲೆ ಅಪವಾದ ಹೊರಿಸಿದವರಿದ್ದರು. ಇಷ್ಟು ಅಲ್ಪವಿದ್ಯೆಯವರು ಗುರುಸ್ಥಾನಕ್ಕೆ ತಕ್ಕವರಲ್ಲವೆಂದು ಸುತ್ತಲ ಗುರುಗಳು ಧರ್ಮಾಧ್ಯಕ್ಷರಿಗೆ ದೂರುಪತ್ರವೊಂದನ್ನು ಸಿದ್ಧಪಡಿಸಿದರು. ಕೈಯಿಂದ ಕೈಗೆ ದಾಟುತ್ತಿದ್ದ ಆ ಪತ್ರ ಆಕಸ್ಮಿಕವಾಗಿ ವಿಯಾನ್ನಿಯವರ ಕೈಗೇ ಬಂದಾಗ, ಅವರು ಓದಿ, ತಮ್ಮ ರುಜುವನ್ನೂ ಹಾಕಿ ಮುಂದೆ ಕಳುಹಿಸಿದರು. ಬೆಲ್ಲೆ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷ ದೆವೀ ಅವರು ಕಠಿಣ ಪ್ರಶ್ನೆಗಳನ್ನು ಕಳುಹಿಸಿ, ಬಂದ ಉತ್ತರಗಳನ್ನು ಪರಿಶೀಲಿಸಿ ಸಮಾಧಾನಗೊಂಡರು. ಅವರನ್ನು ಹುಚ್ಚರೆಂದು ಕರೆದವರಿಗೆ, ಆ ಹುಚ್ಚಿನ ಒಂದು ಕಣ ತಮ್ಮ ಎಲ್ಲ ಗುರುಗಳಲ್ಲಿಯೂ ಇರಬಾರದೇ ಎಂಬುದೇ ಧರ್ಮಾಧ್ಯಕ್ಷರ ಉತ್ತರವಾಗಿತ್ತು.

ಲೋಕ ಅವರನ್ನು ಸಂತರೆಂದು ಕೊಂಡಾಡುತ್ತಿದ್ದಾಗ ಅವರಿಗೆ ಮಾತ್ರ ತಮ್ಮ ಆತ್ಮದ ಚಿಂತೆ. ಏಕಾಂತದಲ್ಲಿ ಪಾಪಗಳಿಗಾಗಿ ಅಳಬೇಕೆಂಬ ಹಂಬಲದಿಂದ ಒಂದಕ್ಕಿಂತ ಹೆಚ್ಚು ಸಲ ಊರು ಬಿಟ್ಟು ಹೊರಟರು. 1843ರಲ್ಲಿ ಕಠಿಣ ಕಾಯಿಲೆಯ ನಂತರ ದಾರ್ದಿಲಿಗೆ ಹೋದರೆ ಜನರು ಅಲ್ಲಿಗೂ ಹಿಂಬಾಲಿಸಿದರು. 1853ರಲ್ಲಿ ರಾತ್ರಿ ಹೊರಟಾಗ ಊರಿನವರು ದೇವಾಲಯದ ಗಂಟೆ ಬಾರಿಸಿ ಎಚ್ಚೆತ್ತು ದಾರಿಗಡ್ಡ ನಿಂತರು. ಪ್ರತಿ ಸಲವೂ ಅವರು ಮರಳಿ ಬಂದು ಅದೇ ಪೀಠದಲ್ಲಿ ಕುಳಿತರು. ಓಡಿಹೋಗಬೇಕೆಂಬ ಆಸೆ ಸಂತರಿಗೂ ಬರುತ್ತದೆ. ಮರಳಿ ಬರುವುದರಲ್ಲಿ ಅವರ ಸಂತತನವಿದೆ. ಗೌರವಸೂಚಕವಾಗಿ ಧರ್ಮಾಧ್ಯಕ್ಷರು ತೊಡಿಸಿದ ಉಡುಪನ್ನು ಅವರು 50 ಫ್ರಾಂಕುಗಳಿಗೆ ಮಾರಿ ಆ ಹಣವನ್ನು ದಾನಕ್ಕೆ ಬಳಸಿದರು.

1859ರ ಜುಲೈ ತಿಂಗಳು ತೀವ್ರ ಸೆಖೆಯದು. ತಿಂಗಳ ಕೊನೆಯಲ್ಲಿ ಇಡೀ ದಿನ ಪಾಪನಿವೇದನೆ ಕೇಳಿ ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ. ಆಗಸ್ಟ್ 4ರ ನಸುಕಿನ ಎರಡು ಗಂಟೆಗೆ, ತಮ್ಮ ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಶಾಂತವಾಗಿ ಪ್ರಭುವಿನಲ್ಲಿ ನಿದ್ರೆಹೋದರು. 1905ರಲ್ಲಿ ಹತ್ತನೆಯ ಪಯಸ್ ಜಗದ್ಗುರುಗಳು ಅವರಿಗೆ ಧನ್ಯ ಪದವಿಯನ್ನೂ, 1925ರ ಮೇ 31ರಂದು ಹನ್ನೊಂದನೆಯ ಪಯಸ್ ಜಗದ್ಗುರುಗಳು ಸಂತ ಪದವಿಯನ್ನೂ ನೀಡಿದರು. 1929ರಲ್ಲಿ ಅವರನ್ನು ವಿಚಾರಣಾ ಗುರುಗಳ ಪಾಲಕರೆಂದು ಸಾರಲಾಯಿತು. ಅವರ ಮರಣದ 150ನೆಯ ವರ್ಷದ ನೆನಪಿಗೆ ಹದಿನಾರನೆಯ ಬೆನೆಡಿಕ್ಟ್ ಜಗದ್ಗುರುಗಳು 2009-10ನ್ನು ಗುರುಗಳ ವರ್ಷವೆಂದು ಘೋಷಿಸಿದರು.

ನಮಗೂ ಆರ್ಸಿಗೂ

ಫ್ರಾನ್ಸಿನ ಹಳ್ಳಿಯೊಂದರ ಗುರುವಿಗೂ ಕನ್ನಡ ನಾಡಿಗೂ ಎಲ್ಲಿಯ ನಂಟು ಎಂದು ಕೆಲವರು ಕೇಳಬಹುದು. ವಿಯಾನ್ನಿಯವರು ಆರ್ಸಿನಲ್ಲಿದ್ದ ಅದೇ ದಶಕಗಳಲ್ಲಿ ಪ್ಯಾರಿಸ್ ಪರದೇಶ ಧರ್ಮಪ್ರಚಾರ ಸಂಸ್ಥೆಯ ಫ್ರೆಂಚ್ ಗುರುಗಳು ಮೈಸೂರು ಸೀಮೆಯಲ್ಲಿ ದುಡಿಯುತ್ತಿದ್ದರು. ಧರ್ಮಪ್ರಚಾರಕ್ಕೆ ನೆರವಾಗಲೆಂದು ಬಡ ಕಾರ್ಮಿಕರಿಂದ ವಾರಕ್ಕೊಂದು ಪುಡಿಗಾಸನ್ನು ಕೂಡಿಸುವ ಯೋಜನೆ 1822ರಲ್ಲಿ ಹುಟ್ಟಿದ್ದು ಅದೇ ಲಿಯೋನ್ ನಗರದಲ್ಲಿ. ಅದಕ್ಕೆ ಕಾರಣರಾದ ಪೌಲಿನ್ ಜಾರಿಕೋ ಅವರು ವಿಯಾನ್ನಿಯವರ ಆಪ್ತ ಪರಿಚಿತರು. 2022ರಲ್ಲಿ ಅವರಿಗೆ ಧನ್ಯ ಪದವಿ ದೊರೆಯಿತು. ಆ ಕಾಸುಗಳು ಭಾರತದ ಧರ್ಮಕೇಂದ್ರಗಳಿಗೂ ಬಂದವು.

ಇನ್ನು ನಮ್ಮ ಒಂದು ಮಾತು. ಗುರುಮಠದಲ್ಲಿ ನಾವು ವಿದ್ಯಾರ್ಥಿಯಾಗಿದ್ದಾಗ ಈ ಸಂತರ ಜೀವನವನ್ನು ಓದಿ, ಅವರ ಉಪವಾಸಗಳನ್ನೂ ಪವಾಡಗಳನ್ನೂ ಕಂಡು ಬೆರಗಾಗಿದ್ದೆವು. ಅರವತ್ತು ದಾಟಿದ ಈಗ ನಮ್ಮನ್ನು ಕಾಡುವುದು ಅವರ ಕಾಯುವಿಕೆ. ಶನಿವಾರ ಸಂಜೆ ಪಾಪನಿವೇದನಾ ಪೀಠದಲ್ಲಿ ಕುಳಿತು, ಯಾರೂ ಬಾರದಿರಲು ಗಡಿಯಾರ ನೋಡಿ ಎದ್ದು ಬಂದ ದಿನಗಳು ನಮಗೆ ಉಂಟು. ನಾವು ಎದ್ದ ಮೇಲೆ ಯಾರಾದರೂ ಹೊಸ್ತಿಲವರೆಗೆ ಬಂದು ಖಾಲಿ ಪೀಠವನ್ನು ಕಂಡು ಹಿಂದಿರುಗಿದರೋ ಏನೋ, ಅದು ನಮಗೆ ತಿಳಿಯದು. ಆರ್ಸಿನ ಗುರುಗಳೂ ಮೊದಲ ವರ್ಷಗಳಲ್ಲಿ ಖಾಲಿ ದೇವಾಲಯದಲ್ಲಿಯೇ ಕಾದರು. ಜನಸಾಗರ ಬಂದದ್ದು ಆ ಕಾಯುವಿಕೆಯ ನಂತರ.

ಹೃದಯಗಳನ್ನು ಓದುವ ವರ ನಮಗಿಲ್ಲ. ಆದುದರಿಂದ ನೀವೇ ನಿಮ್ಮ ಹೃದಯವನ್ನು ತೆರೆಯಬೇಕು. ತೆರೆದಾಗ ಆಲಿಸಲು ಗುರುವು ಅಲ್ಲಿ ಇರಬೇಕು. ಎರಡನೆಯದು ನಮ್ಮ ಹೊಣೆ, ಅದನ್ನು ಇನ್ನು ಮುಂದೆ ತಪ್ಪದೆ ನೆರವೇರಿಸುವೆವೆಂದು ಶತಮಾನೋತ್ಸವದ ಈ ದಿನ ದೇವರ ಮುಂದೆಯೂ ನಿಮ್ಮ ಮುಂದೆಯೂ ಮಾತು ಕೊಡುತ್ತೇವೆ. ಮೊದಲನೆಯದು ನಿಮ್ಮದು. ನಮ್ಮ ಪೂರ್ವಜರು ನೂರು ವರ್ಷಗಳ ಹಿಂದೆ ಕಟ್ಟಿದ ಈ ದೇವಾಲಯಕ್ಕೆ ಈ ಹಬ್ಬದಲ್ಲಿ ಹೊಸ ಬಣ್ಣ ಬಳಿದಾಯಿತು, ದೀಪಗಳನ್ನು ಸಾಲುಗೊಳಿಸಿದ್ದಾಯಿತು. ಉಳಿದಿರುವುದು ಒಳಗಿನ ದೇವಾಲಯ. ಸಂತ ಜಾನ್ ಮೇರಿ ವಿಯಾನ್ನಿಯವರು ನಮಗಾಗಿ, ನಮ್ಮ ಧರ್ಮಕೇಂದ್ರಕ್ಕಾಗಿ, ಇಲ್ಲಿ ಸೇವೆ ಸಲ್ಲಿಸಿ ಗತಿಸಿದ ಎಲ್ಲ ಗುರುಗಳಿಗಾಗಿ ಪ್ರಾರ್ಥಿಸಲಿ.